ಕೊನೆಯ ಹತ್ತು ಮೀಟರ್: ಜಿಯೋಕ್ಯಾಶಿಂಗ್ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಜಿಯೋಕ್ಯಾಶಿಂಗ್ ಕುರಿತಾದವು. ಈ ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು: ಯಾರೋ ಒಬ್ಬರು ಒಂದು ಡಬ್ಬಿಯನ್ನು ಹೊರಗೆಲ್ಲೋ ಬಚ್ಚಿಟ್ಟು ಆ ಜಾಗದ ಅಕ್ಷಾಂಶ, ರೇಖಾಂಶಗಳನ್ನು ಆಟದ ಜಾಲತಾಣದಲ್ಲಿ ಪ್ರಕಟಿಸುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕಿಕೊಂಡು ಹೋಗಿ, ಡಬ್ಬಿಯೊಳಗಿನ ಪುಟ್ಟ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದ ಹಾಗೆಯೇ ಇಟ್ಟು ಬರುತ್ತಾರೆ. ಆ ಡಬ್ಬಿಗೆ ಕ್ಯಾಶ್ ಎಂದು ಹೆಸರು.

ಪ್ರಶ್ನೆ: ಮನೆ ಹತ್ತಿರದ ಉದ್ಯಾನದಲ್ಲಿ ನಾವು ಒಂದು ಕ್ಯಾಶ್ ಹುಡುಕಿದೆವು. ಗುಂಡಿ ತೋಡಿ ಪ್ಲಾಸ್ಟಿಕ್ ಪೈಪು ಹೂತು, ಅದರೊಳಗೆ ಡಬ್ಬಿಯನ್ನು ಇಳಿಬಿಟ್ಟಿದ್ದರು. ಮೇಲೆ ಕೃತಕ ಹುಲ್ಲಿನ ಮುಚ್ಚಳ. ಒಂಬತ್ತು ವರ್ಷದ ಮಗಳಿಗೆ ಬಹಳ ಇಷ್ಟವಾಯಿತು. ಆದರೆ ನೆಲ ಅಗೆಯಬಾರದೆಂಬ ನಿಯಮವನ್ನು ಓದಿದ ನೆನಪು. ದೂರು ಕೊಡಬೇಕೆ? ಕೊಟ್ಟರೆ ಆಟ ಕೆಡಿಸಿದ ಹಾಗಾಗುವುದಿಲ್ಲವೆ? (ಪೋರ್ಟ್‌ಲ್ಯಾಂಡ್, ಆರೆಗಾನ್)

ಉತ್ತರ: ಕೊಡಬೇಕಾಗಬಹುದು. ಅದಕ್ಕೆ ಮೊದಲು ಆ ಕ್ಯಾಶ್‌ನ ವಿವರಣೆಯನ್ನು ಇನ್ನೊಮ್ಮೆ ಪೂರ್ತಿ ಓದಿ. ಜಾಗದ ಒಡೆಯರು ಅಗೆಯಲು ಸ್ಪಷ್ಟವಾಗಿ ಒಪ್ಪಿದ್ದರೆ ನಿಯಮವೂ ಒಪ್ಪುತ್ತದೆ. ಅಂಥ ಒಪ್ಪಿಗೆಯನ್ನು ವಿವರಣೆಯಲ್ಲೇ ಬರೆದಿರುತ್ತಾರೆ. ಬರೆದಿಲ್ಲದಿದ್ದರೆ ಇಟ್ಟವರನ್ನೇ ಸೌಜನ್ಯದಿಂದ ಕೇಳಿ: ‘ಉದ್ಯಾನದವರ ಅನುಮತಿ ಇದೆಯೆ?’ ಎರಡು ವಾರ ಕಾದರೂ ಉತ್ತರ ಬಾರದಿದ್ದರೆ ನಿಮ್ಮ ಪ್ರದೇಶದ ಪರಿಶೀಲಕರಿಗೆ ತಿಳಿಸಿ. ಸಂಬಳವಿಲ್ಲದೆ ದುಡಿಯುವ ಈ ಸ್ವಯಂಸೇವಕರು ಪ್ರತಿ ಹೊಸ ಕ್ಯಾಶ್ ಪ್ರಕಟವಾಗುವ ಮೊದಲು ಅದನ್ನು ನಿಯಮಗಳೊಂದಿಗೆ ತಾಳೆ ನೋಡುತ್ತಾರೆ. ಆದರೆ ಅವರ ಮುಂದಿರುವುದು ನಕ್ಷೆ ಮಾತ್ರ. ಹೂತ ಪೈಪನ್ನು ಕಣ್ಣಾರೆ ಕಂಡವರು ನೀವು, ಆದ್ದರಿಂದ ಹೇಳಬೇಕಾದವರೂ ನೀವೇ. ಡಬ್ಬಿಯನ್ನು ಮಾತ್ರ ಕಿತ್ತು ತರಬೇಡಿ. ಅದು ಇನ್ನೊಬ್ಬರ ವಸ್ತು. ಪುಸ್ತಕದಲ್ಲಿ ಸಹಿ ಹಾಕಿದ್ದರೆ ‘ಸಿಕ್ಕಿತು’ ಎಂದು ದಾಖಲಿಸಲು ಅಡ್ಡಿಯಿಲ್ಲ.

ಈ ಆಟದ ಮೊದಲ ಡಬ್ಬಿಯೇ ಅರ್ಧ ಹೂತದ್ದು, ಅದೂ ನಿಮ್ಮ ಆರೆಗಾನಿನಲ್ಲಿ. 2000ದ ಮೇ ತಿಂಗಳ ಆರಂಭದವರೆಗೆ ಅಮೆರಿಕ ಸರ್ಕಾರ ನಾಗರಿಕ ಬಳಕೆಯ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸುತ್ತಿತ್ತು. ನೂರು ಮೀಟರ್‌ವರೆಗೂ ತಪ್ಪು ಬರುತ್ತಿತ್ತು. ಆ ಅಡ್ಡಿ ತೊಲಗಿದ ಬೆನ್ನಿಗೇ, ಮೇ 3ರಂದು, ಡೇವ್ ಉಲ್ಮರ್ ಎಂಬವರು ಬೀವರ್‌ಕ್ರೀಕ್ ಬಳಿ ಒಂದು ಕಪ್ಪು ಬಕೆಟ್ಟನ್ನು ಇಟ್ಟರು. ಅದರೊಳಗೆ ಪುಸ್ತಕ, ವಿಡಿಯೊ, ಸಾಫ್ಟ್‌ವೇರ್, ಸ್ವಲ್ಪ ಹಣ, ಒಂದು ಕವಣೆ, ಒಂದು ಡಬ್ಬಿ ಬೀನ್ಸ್ ಇದ್ದವು. ಇಂದಿನ ಪರಿಶೀಲಕರು ಆ ಬಕೆಟ್ಟಿಗೆ ಒಪ್ಪಿಗೆ ಕೊಡಲಾರರು: ಹೂತದ್ದು ಒಂದು ತಪ್ಪು, ಆಹಾರ ಇಟ್ಟದ್ದು ಇನ್ನೊಂದು. ಹೂಳುವುದು ಏಕೆ ತಪ್ಪು ಎಂದರೆ, ತೆರೆದ ಬಯಲಿನಲ್ಲೂ ಮೊಬೈಲು ತೋರಿಸುವ ಜಾಗದಲ್ಲಿ ಐದು ಮೀಟರ್‌ನಷ್ಟು ಹೆಚ್ಚುಕಡಿಮೆ ಇರುತ್ತದೆ, ಮರದಡಿ ಇನ್ನೂ ಹೆಚ್ಚು. ಪೈಪು ಎಲ್ಲಿದೆ ಎಂಬುದು ಹೂತವರಿಗೆ ಮಾತ್ರ ಗೊತ್ತು. ಹುಡುಕುವವರು ಸುತ್ತಲಿನ ಹತ್ತು ಮೀಟರಿನ ಹುಲ್ಲನ್ನೆಲ್ಲ ಕೋಲಿನಿಂದ ಚುಚ್ಚುತ್ತಾರೆ, ಕಿತ್ತು ನೋಡುತ್ತಾರೆ. ನೆಲದೊಳಗೆ ನೀರಿನ ಕೊಳವೆ ಇದ್ದರಂತೂ ಕೇಳುವುದೇ ಬೇಡ. ಒಂದು ದಿನ ಉದ್ಯಾನದವರಿಗೆ ಗುಂಡಿಗಳು ಕಾಣುತ್ತವೆ. ಮರುದಿನ ಆ ಊರಿನ ಯಾವ ಉದ್ಯಾನದಲ್ಲೂ ಕ್ಯಾಶ್ ಇಡುವಂತಿಲ್ಲ ಎಂಬ ಆದೇಶ ಬಂದರೂ ಆಶ್ಚರ್ಯವಿಲ್ಲ.

ಇದನ್ನು ನಾನು ಓದಿ ಕಲಿತದ್ದಲ್ಲ. ಹಲವು ವರ್ಷಗಳ ಹಿಂದೆ ದಕ್ಷಿಣ ಕನ್ನಡದ ನೆಂಟರ ಅಡಿಕೆ ತೋಟದ ಅಂಚಿನಲ್ಲಿದ್ದ ಕಲ್ಲಿನ ಕಟ್ಟೆಯ ಸಂದಿನಲ್ಲಿ ಫಿಲ್ಮ್ ರೋಲಿನ ಡಬ್ಬಿಯೊಂದನ್ನು ಇಟ್ಟಿದ್ದೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟಿದ ಕಟ್ಟೆ ಅದು. ನಾನು ಒಂದು ಕಲ್ಲನ್ನೂ ಅಲುಗಿಸಿರಲಿಲ್ಲ. ಮಳೆಗಾಲಕ್ಕೆ ಮುಂಚೆ ನೋಡಲು ಹೋದಾಗ ಮೇಲಿನ ಸಾಲಿನ ಆರು ಕಲ್ಲುಗಳು ಕೆಳಗೆ ಬಿದ್ದಿದ್ದವು. ಅವುಗಳ ಜಾಗದಲ್ಲಿ ಹಸಿ ಮಣ್ಣು ಬಾಯಿ ಬಿಟ್ಟಿತ್ತು. ಡಬ್ಬಿ ಅಲ್ಲಿಂದ ಎರಡು ಮಾರು ಆಚೆ ಸುರಕ್ಷಿತವಾಗಿತ್ತು. ಯಜಮಾನರು ಬೈಯಲಿಲ್ಲ. ‘ಕಟ್ಟೆ ಜರಿದರೆ ತೋಟದ ಮಣ್ಣು ತೋಡಿಗೆ ಹೋಗುತ್ತದೆ ನೋಡು’ ಎಂದಷ್ಟೇ ಹೇಳಿ ಕಲ್ಲು ಎತ್ತಿಡಲು ಬಗ್ಗಿದರು. ನಾನೂ ಬಗ್ಗಿದೆ. ಇಂಗ್ಲೆಂಡಿನಲ್ಲಿ ಹೊಲಗಳ ನಡುವಿನ ಇಂಥ ಗೋಡೆಗಳೊಳಗೆ ಕ್ಯಾಶ್ ಇಡಬಾರದೆಂಬ ನಿಯಮವಿದೆ ಎಂದು ತಿಳಿದದ್ದು ಆಮೇಲೆ. ಅಂದಿನಿಂದ ಡಬ್ಬಿ ಇಡುವ ಮೊದಲು ನಾನು ಕೇಳಿಕೊಳ್ಳುವುದು ಒಂದೇ: ಇದರ ಸುತ್ತಲಿನ ಹತ್ತು ಮೀಟರನ್ನು ಅಪರಿಚಿತರು ಐವತ್ತು ಸಲ ತಡಕಾಡಿದರೂ ಈ ಜಾಗ ಹೀಗೆಯೇ ಇರುತ್ತದೆಯೆ? ಮರಕ್ಕೆ ಮೊಳೆ, ತಿರುಪು ಹೊಡೆಯುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ.

ಮಗಳಿಗೆ ಬೇಸರವಾಗದಿರಲಿ. ಬಿದ್ದ ಕೊರಡಿನ ತುಂಡೊಂದನ್ನು ಮನೆಗೆ ತಂದು, ಒಳಗೆ ಕೊರೆದು, ಡಬ್ಬಿ ಕೂರಿಸಿ, ಅನುಮತಿ ಪಡೆದು ನೆಲದ ಮೇಲೆಯೇ ಇಡಬಹುದು. ಹುಡುಕುವವರು ಎದುರಿಗಿದ್ದರೂ ಕಾಣದೆ ಸುಸ್ತಾಗುತ್ತಾರೆ, ನೆಲಕ್ಕೆ ಗಾಯವಿಲ್ಲ.

ಪ್ರಶ್ನೆ: ನಮ್ಮದು ಬೆಟ್ಟ ಹತ್ತುವ ಗೆಳೆಯರ ಗುಂಪು. ಒಂದು ಬೆಟ್ಟದ ಮೇಲಿನ ಹಳೆಯ ಕೋಟೆಗೋಡೆಯಲ್ಲಿ ಕ್ಯಾಶ್ ಇಡಬೇಕೆಂದಿದ್ದೇವೆ. ಸೇನೆಯವರು ಗುಂಡು ತುಂಬಿಸಿಡುವ ಲೋಹದ ಪೆಟ್ಟಿಗೆ ಗಟ್ಟಿ ಎಂದು ಕೇಳಿದೆವು. ಎಲ್ಲಿ ಸಿಗುತ್ತದೆ? (ಬೆಂಗಳೂರು)

ಉತ್ತರ: ಆ ಗೋಡೆಯೂ ಬೇಡ, ಆ ಪೆಟ್ಟಿಗೆಯೂ ಬೇಡ.

ಕೋಟೆ ಸಂರಕ್ಷಿತ ಸ್ಮಾರಕವಾಗಿದ್ದರೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಂಥ ಕಾನೂನುಗಳು ಅಡ್ಡ ಬರುತ್ತವೆ. ಕಾನೂನಿನ ಪಟ್ಟಿಯಲ್ಲಿ ಇಲ್ಲದಿದ್ದರೂ ಆ ಗೋಡೆ ನನ್ನ ಅಡಿಕೆ ತೋಟದ ಕಟ್ಟೆಗಿಂತ ಹಳೆಯದು, ಬಿದ್ದರೆ ಎತ್ತಿಡುವವರೂ ಇಲ್ಲ. ಬೆಟ್ಟ ಅಭಯಾರಣ್ಯದೊಳಗಿದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಒಳಗೆ ಕಾಲಿಡುವುದಕ್ಕೇ ಅನುಮತಿ ಬೇಕು. ಡಬ್ಬಿ ಇಡುವ ಮಾತು ದೂರ ಉಳಿಯಿತು.

ಲೋಹದ ಪೆಟ್ಟಿಗೆ ಅಮೆರಿಕದ ಕಾಡುಗಳಲ್ಲಿ ಮೊದಲಿನಿಂದಲೂ ನಡೆದುಬಂದಿದೆ. ನಮ್ಮಲ್ಲಿ ವಾರಸುದಾರರಿಲ್ಲದ ವಸ್ತು ಕಂಡರೆ ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ ಎಂದು ಬಸ್ ನಿಲ್ದಾಣಗಳಲ್ಲಿ ದಿನವೂ ಕೂಗಿ ಹೇಳುತ್ತಾರೆ. ಆ ಮಾತನ್ನು ನಂಬಿದವರು ನಿಮ್ಮ ಪೆಟ್ಟಿಗೆಯನ್ನು ಕಂಡು ಕರೆ ಮಾಡಿದರೆ ಅವರು ಮಾಡಿದ್ದು ಸರಿ. ಇಂಗ್ಲೆಂಡಿನ ವೆದರ್‌ಬಿ ಪಟ್ಟಣದಲ್ಲಿ 2011ರಲ್ಲಿ ಪೇಟೆಬೀದಿಯ ಕ್ಯಾಶ್ ಒಂದನ್ನು ಬಾಂಬ್ ಎಂದು ಶಂಕಿಸಿ, ಬಾಂಬ್ ನಿಷ್ಕ್ರಿಯ ದಳವನ್ನು ಕರೆಸಿ ಸ್ಫೋಟಿಸಿದರು. ಒಳಗಿದ್ದದ್ದು ಆಟದ ಪುಸ್ತಕ. ಹಾಗಾಗಿ ಅಡುಗೆಮನೆಯಲ್ಲಿ ಬಳಸುವ, ನಾಲ್ಕೂ ಕಡೆ ಚಿಲಕವಿರುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ಇದು ಜಿಯೋಕ್ಯಾಶಿಂಗ್ ಆಟದ ಡಬ್ಬಿ, ಅಪಾಯವಿಲ್ಲ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೊರಗಡೆ ಬರೆಯಿರಿ. ಶಾಲೆ, ರೈಲು ಹಳಿ, ಅಣೆಕಟ್ಟು, ಸೇನೆಯ ಜಾಗಗಳ ಹತ್ತಿರ ಸುಳಿಯಬೇಡಿ.

ಒಳಗೆ ಪೆನ್ ಬೇಡ, ಪೆನ್ಸಿಲ್ ಇಡಿ: ತೇವಗೊಂಡ ಹಾಳೆಯ ಮೇಲೂ ಬರೆಯುತ್ತದೆ. ಪುಸ್ತಕಕ್ಕೆ ಒಂದು ಜಿಪ್ ಚೀಲ, ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು. ಚಾಕೊಲೇಟ್, ಪರಿಮಳದ ಸೋಪು, ಮೇಣದಬತ್ತಿ ಯಾವುದೂ ಬೇಡ. ಇರುವೆ, ಇಲಿ, ಮಂಗಗಳ ಮೂಗು ನಮಗಿಂತ ಚುರುಕು. ಇನ್ನೊಂದು ಕ್ಯಾಶ್‌ನಿಂದ ಕನಿಷ್ಠ 161 ಮೀಟರ್ ದೂರವಿರಬೇಕು. ಒಂದು ಮೈಲಿಯ ಹತ್ತನೇ ಒಂದು ಭಾಗ ಅದು. ಮಳೆ ಮುಗಿದ ಮೇಲೆ ಹೋಗಿ ಪುಸ್ತಕ ಬದಲಿಸುವವರು ನಿಮ್ಮ ಗುಂಪಿನಲ್ಲಿ ಯಾರೆಂದು ಈಗಲೇ ಗೊತ್ತುಮಾಡಿಕೊಳ್ಳಿ. ರಜೆಗೆ ಹೋದ ಊರಿನಲ್ಲಿ ಇಟ್ಟು ಮರೆತುಬಿಡುವ ಡಬ್ಬಿ ಒಂದೇ ಮಳೆಗಾಲದಲ್ಲಿ ಕಸವಾಗುತ್ತದೆ. ಅಂಥದ್ದಕ್ಕೆ ಪರಿಶೀಲಕರೂ ಸಾಮಾನ್ಯವಾಗಿ ಒಪ್ಪುವುದಿಲ್ಲ.

ಡಬ್ಬಿಯೇ ಬೇಡದ ಬಗೆಯೂ ಒಂದಿದೆ: ಅರ್ಥ್‌ಕ್ಯಾಶ್. 2004ರಲ್ಲಿ ಅಮೆರಿಕದ ಭೂವಿಜ್ಞಾನ ಸಂಘದ ಜೊತೆಗೂಡಿ ಶುರುವಾದದ್ದು. ಬಂದವರು ಅಲ್ಲಿನ ಬಂಡೆಯನ್ನೋ ಮಣ್ಣನ್ನೋ ಗಮನಿಸಿ ನಿಮ್ಮ ಪ್ರಶ್ನೆಗೆ ಉತ್ತರ ಬರೆಯಬೇಕು. ಲಾಲ್‌ಬಾಗಿನ ಬಂಡೆಯನ್ನು ನೆನೆಯಿರಿ. ಸುಮಾರು 300 ಕೋಟಿ ವರ್ಷ ಹಳೆಯ ಆ ನೈಸ್ ಶಿಲೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅದರ ಕಪ್ಪು ಬಿಳುಪು ಪಟ್ಟೆಗಳು ಎತ್ತ ಬಾಗಿವೆ ಎಂದು ಕೇಳಿದರೆ ಸಾಕು, ದಿನವೂ ಅಲ್ಲಿ ನಡೆಯುವವರು ಮೊದಲ ಸಲ ಬಗ್ಗಿ ನೋಡುತ್ತಾರೆ. ನಿಮ್ಮ ಬೆಟ್ಟದಲ್ಲೂ ಕೇಳಲು ಯೋಗ್ಯವಾದ ಬಂಡೆ ಇದ್ದೇ ಇರುತ್ತದೆ. ಜಾಗದವರ ಅನುಮತಿ ಮಾತ್ರ ಇದಕ್ಕೂ ಬೇಕು.

ಪ್ರಶ್ನೆ: ಡಬ್ಬಿಯೊಳಗಿನ ಆಟಿಕೆ ತೆಗೆದುಕೊಂಡರೆ ಏನಾದರೂ ಇಡಲೇಬೇಕೆ? ಎಷ್ಟು ಹುಡುಕಿದರೂ ಸಿಗದಿದ್ದರೆ ನಮ್ಮದೇ ಹೊಸ ಡಬ್ಬಿ ಇಟ್ಟು ‘ಸಿಕ್ಕಿತು’ ಎಂದು ಬರೆಯಬಹುದೆ? (ಸ್ಟುಟ್‌ಗಾರ್ಟ್)

ಉತ್ತರ: ಇಡಬೇಕು, ತೆಗೆದದ್ದಕ್ಕೆ ಸಮನಾದದ್ದು ಅಥವಾ ಅದಕ್ಕಿಂತ ಒಳ್ಳೆಯದು. ಸಂಖ್ಯೆ ಕೆತ್ತಿದ ಬಿಲ್ಲೆ ಕಟ್ಟಿರುವ ವಸ್ತು ಸಿಕ್ಕರೆ ಅದು ಊರೂರು ಸುತ್ತಲು ಹೊರಟದ್ದು, ಇಟ್ಟುಕೊಳ್ಳುವಂತಿಲ್ಲ; ಮುಂದಿನ ಕ್ಯಾಶ್‌ಗೆ ತಲುಪಿಸಿ. ಎರಡನೆಯದಕ್ಕೆ ಉತ್ತರ, ಬೇಡ. ಮೂಲ ಡಬ್ಬಿ ಅಲ್ಲೇ ಇದ್ದು ನಿಮ್ಮ ಕಣ್ಣಿಗೆ ಬೀಳದೆ ಹೋಗಿರಬಹುದು. ಆಗ ಒಂದೇ ಜಾಗದಲ್ಲಿ ಎರಡು ಡಬ್ಬಿಗಳಾಗಿ, ನಂತರ ಬಂದವರು ಯಾವುದಕ್ಕೆ ಸಹಿ ಹಾಕಬೇಕೆಂದು ತಿಳಿಯದೆ ನಿಲ್ಲುತ್ತಾರೆ. ‘ಸಿಗಲಿಲ್ಲ’ ಎಂದು ಬರೆಯಲು ಸಂಕೋಚ ಬೇಡ. ಅಂಥ ಮೂರು ನಾಲ್ಕು ಬರಹಗಳು ಸಾಲಾಗಿ ಬಂದಾಗಲೇ ಇಟ್ಟವರಿಗೆ ಡಬ್ಬಿ ಕಳೆದುಹೋಗಿರಬಹುದೆಂಬ ಸುಳಿವು ಸಿಗುತ್ತದೆ.

ಪ್ರಶ್ನೆ: ನಿವೃತ್ತ ಶಿಕ್ಷಕ ನಾನು, ಈಗ ಈ ಹವ್ಯಾಸ ಹಿಡಿದಿದೆ. ಮಗ ಅಮೆರಿಕದಿಂದ ಬರುವವನಿದ್ದಾನೆ. ಕೈಯಲ್ಲಿ ಹಿಡಿಯುವ ಜಿಪಿಎಸ್ ತರಿಸಲೋ, ಮೊಬೈಲು ಸಾಕೋ? ಉಪಗ್ರಹದ ಮೂಲಕ ಸಂದೇಶ ಕಳಿಸುವ ಮಾದರಿ ಒಳ್ಳೆಯದೆಂದು ಅವನು ಹೇಳುತ್ತಾನೆ. (ಮೈಸೂರು)

ಉತ್ತರ: ಮೇಷ್ಟ್ರೇ, ಕೊನೆಯ ಮಾತಿಗೆ ಮೊದಲು ಉತ್ತರಿಸುತ್ತೇನೆ. ಆ ಮಾದರಿಯನ್ನು ಖಂಡಿತ ತರಬೇಡಿ ಎಂದು ಮಗನಿಗೆ ಇಂದೇ ಹೇಳಿ. ಉಪಗ್ರಹ ಫೋನ್ ಮತ್ತು ಉಪಗ್ರಹ ಸಂದೇಶ ಸಾಧನಗಳನ್ನು ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಭಾರತದಲ್ಲಿ ಇಟ್ಟುಕೊಳ್ಳುವುದು ಅಪರಾಧ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಇದರಿಂದ ಸಿಕ್ಕಿಬಿದ್ದು ಠಾಣೆ, ನ್ಯಾಯಾಲಯ ಅಲೆದ ಪ್ರವಾಸಿಗರಿದ್ದಾರೆ. ಹೆಸರಿನಲ್ಲಿ ಎಚ್ಚರ ಬೇಕು: ಗಾರ್ಮಿನ್ ಕಂಪನಿಯ ಜಿಪಿಎಸ್‌ಮ್ಯಾಪ್ 67 ಬರಿಯ ರಿಸೀವರ್, ಅದು ಸಂಕೇತವನ್ನು ಕೇಳುತ್ತದೆ ಅಷ್ಟೇ. ಕೊನೆಯಲ್ಲಿ ‘ಐ’ ಅಕ್ಷರವಿರುವ 67ಐ ಇನ್‌ರೀಚ್ ಸೌಲಭ್ಯವಿರುವ ಸಾಧನ, ಅದು ಉಪಗ್ರಹಕ್ಕೆ ಸಂದೇಶವನ್ನೂ ಕಳಿಸುತ್ತದೆ. ಒಂದು ಅಕ್ಷರದಿಂದ ಇಷ್ಟು ತೊಂದರೆ.

ಸಾಧನದ ವಿಷಯಕ್ಕೆ ಬಂದರೆ, ಮೊದಲ ವರ್ಷ ಮೊಬೈಲೇ ಸಾಕು. ಜಿಪಿಎಸ್ ಉಪಗ್ರಹಗಳು ಕಳಿಸುವ ಎಲ್1, ಎಲ್5 ಎಂಬ ಎರಡೂ ತರಂಗಗಳನ್ನು ಹಿಡಿಯುವ ಫೋನು 2018ರಿಂದ ಮಾರುಕಟ್ಟೆಯಲ್ಲಿದೆ. ಬಂಡೆಗೋ ಕಟ್ಟಡಕ್ಕೋ ಬಡಿದು ತಡವಾಗಿ ಬರುವ ಸಂಕೇತದಿಂದ ಆಗುವ ತಪ್ಪು ಅಂಥ ಫೋನಿನಲ್ಲಿ ಕಡಿಮೆ. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನ ಕೇಂದ್ರದಿಂದ ಇಸ್ರೊ ನಡೆಸುವ, ಜಿಪಿಎಸ್‌ನಂಥ ನಮ್ಮದೇ ನಾವಿಕ್ ವ್ಯವಸ್ಥೆಯ ಸಂಕೇತವನ್ನು ಹಿಡಿಯುವ ಫೋನುಗಳೂ ಇವೆ. ಹೊರಡುವ ಮೊದಲು ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ. ಜಿಪಿಎಸ್‌ಗೆ ಮೊಬೈಲ್ ಸಿಗ್ನಲ್ ಬೇಕಿಲ್ಲ, ನಕ್ಷೆಗೆ ಬೇಕು.

ಕಾಡುಮೇಡಿನಲ್ಲಿ ಇಡೀ ದಿನ ಸುತ್ತುವವರಿಗೆ, ಮಳೆಯಲ್ಲಿ ಹೋಗುವವರಿಗೆ ಕೈ ಸಾಧನ ಬೇಕು. ಒದ್ದೆ ಬೆರಳಿಗೆ ಟಚ್‌ಸ್ಕ್ರೀನ್ ಸ್ಪಂದಿಸುವುದಿಲ್ಲ, ಗುಂಡಿ ಸ್ಪಂದಿಸುತ್ತದೆ. ಗಾರ್ಮಿನ್‌ನ ಇಟ್ರೆಕ್ಸ್ 22ಎಕ್ಸ್‌ನಂಥದ್ದು ಗೂಡಂಗಡಿಯಲ್ಲಿ ಸಿಗುವ ಎರಡು ಎಎ ಬ್ಯಾಟರಿಯಲ್ಲಿ ಸುಮಾರು 25 ಗಂಟೆ ನಡೆಯುತ್ತದೆ. ಇದಕ್ಕಿಂತ ದುಬಾರಿಯದು ಕೊಂಡರೆ ಡಬ್ಬಿ ಬೇಗ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಯಾವ ಸಾಧನವೂ ತಿದ್ದಲಾಗದ ತಪ್ಪೊಂದಿದೆ. ಈ ಆಟದಲ್ಲಿ ಸ್ಥಾನವನ್ನು ಡಿಗ್ರಿ ಮತ್ತು ದಶಮಾಂಶ ಮಿನಿಟಿನಲ್ಲಿ ಬರೆಯುತ್ತಾರೆ. ಉತ್ತರ 12° 58.290 ಎಂದರೆ 12 ಡಿಗ್ರಿ, 58.290 ಮಿನಿಟು, ಅಂದರೆ 58 ಮಿನಿಟು 17.4 ಸೆಕೆಂಡು. ಅದನ್ನೇ 58 ಮಿನಿಟು 29 ಸೆಕೆಂಡು ಎಂದು ಓದಿದರೆ ಸುಮಾರು 350 ಮೀಟರ್ ಉತ್ತರಕ್ಕೆ ಹೋಗಿ ನಿಲ್ಲುತ್ತೀರಿ. 12.58290 ಡಿಗ್ರಿ ಎಂದು ತುಂಬಿದರೆ 43 ಕಿಲೋಮೀಟರ್ ದಕ್ಷಿಣಕ್ಕೆ. ಕೊನೆಯ ಅಂಕಿಯ ಒಂದು ಏರಿಳಿತವೆಂದರೆ ಸುಮಾರು 1.85 ಮೀಟರ್. ಇದನ್ನು ನೀವು ಮಕ್ಕಳಿಗೆ ಕಪ್ಪುಹಲಗೆಯ ಮೇಲೆ ಚೆನ್ನಾಗಿಯೇ ಕಲಿಸಬಲ್ಲಿರಿ. ನೀವೇ ಕ್ಯಾಶ್ ಇಡುವ ದಿನ ಬಂದಾಗ ಎರಡು ಮೂರು ಬೇರೆ ಬೇರೆ ದಿನ ಹೋಗಿ ಅಳೆದು ಸರಾಸರಿ ತೆಗೆದುಕೊಳ್ಳಿ. ನಿಮ್ಮ ಅಳತೆ ಕೆಟ್ಟರೆ ಹುಡುಕುವವರು ತುಳಿಯುವ ನೆಲ ಅಷ್ಟೂ ಹಿಗ್ಗುತ್ತದೆ.

ಪ್ರಶ್ನೆ: ಡಬ್ಬಿಯ ಹತ್ತಿರ ಬಂದ ಕೂಡಲೇ ಬಾಣದ ಗುರುತು ಗಿರಗಿರ ತಿರುಗುತ್ತದೆ. ಫೋನ್ ಕೆಟ್ಟಿದೆಯೆ? (ಶಿವಮೊಗ್ಗ)

ಉತ್ತರ: ಕೆಟ್ಟಿಲ್ಲ. ಜಿಪಿಎಸ್‌ಗೆ ನಿಮ್ಮ ದಿಕ್ಕು ತಿಳಿಯುವುದು ನೀವು ನಡೆಯುವಾಗ ಮಾತ್ರ. ನಿಂತಾಗ ಫೋನು ತನ್ನೊಳಗಿನ ದಿಕ್ಸೂಚಿಯನ್ನು ನಂಬುತ್ತದೆ, ಅದನ್ನು ಕವರಿನ ಅಯಸ್ಕಾಂತದ ಗುಂಡಿ ದಾರಿ ತಪ್ಪಿಸುತ್ತದೆ. ಕವರು ತೆಗೆದು, ಗಾಳಿಯಲ್ಲಿ ಇಂಗ್ಲಿಷಿನ ಎಂಟು ಬರೆದ ಹಾಗೆ ಫೋನನ್ನು ಆಡಿಸಿ. ಆಮೇಲೆ ಮೂವತ್ತು ಹೆಜ್ಜೆ ಹಿಂದೆ ಸರಿದು ನಿಧಾನವಾಗಿ ನೇರ ನಡೆದು ಬನ್ನಿ, ಬಾಣ ಎತ್ತ ತೋರಿಸುತ್ತದೆಂದು ನೋಡಿಕೊಳ್ಳಿ. ಇನ್ನೊಂದು ಬದಿಯಿಂದಲೂ ಹಾಗೆಯೇ ಬನ್ನಿ. ಎರಡು ಗೆರೆಗಳು ಕೂಡುವಲ್ಲಿ ಫೋನನ್ನು ಜೇಬಿಗೆ ಹಾಕಿ, ಏನನ್ನೂ ಮುಟ್ಟದೆ ಎರಡು ನಿಮಿಷ ಸುಮ್ಮನೆ ನಿಂತು ಸುತ್ತ ನೋಡಿ. ತಾನಾಗಿ ಬಿದ್ದ ಕಡ್ಡಿಗಳು ಒಂದರ ಪಕ್ಕ ಒಂದು ಸಾಲಾಗಿ ಮಲಗುವುದಿಲ್ಲ.