ಪಿಟ್ಸ್‌ಬರ್ಗ್‌ನ ಹಿರಿಯರನ್ನು ಏನು ಕೇಳಬೇಕು

ಪಿಟ್ಸ್‌ಬರ್ಗ್‌ಗೆ ಬಂದು ಕೆಲವೇ ತಿಂಗಳಾಗಿದೆ, ಕಚೇರಿಯಲ್ಲಿ ಊಟದ ವೇಳೆ ಹಿರಿಯ ಸಹೋದ್ಯೋಗಿಗಳು ತಮ್ಮ ಬಾಲ್ಯದ ಬೇಸ್‌ಬಾಲ್ ಆಟಗಾರರ ಮಾತೆತ್ತಿದರೆ ತಲೆ ತಗ್ಗಿಸಿ ಡಬ್ಬಿ ಖಾಲಿ ಮಾಡುವುದಷ್ಟೇ ತಮ್ಮ ಪಾಲಿಗೆ ಉಳಿಯುತ್ತದೆ, ಇಲ್ಲಿ ನೆಲೆಸಬೇಕಾದರೆ ಈ ಆಟವನ್ನು ಕಲಿಯಲೇಬೇಕೇ ಎಂದು ಕೇಳಿದ್ದೀರಿ. ಈ ಊರಿನಲ್ಲಿ ಬಹುಕಾಲ ಕಳೆದವನಾಗಿ ಹೇಳುವುದಾದರೆ, ಆಟದ ನಿಯಮಗಳು ನಿಧಾನವಾಗಿ ತಾವೇ ತಲೆಗೆ ಹತ್ತುತ್ತವೆ, ಅದಕ್ಕಾಗಿ ನಿದ್ದೆಗೆಟ್ಟು ವಿಡಿಯೊ ನೋಡುವ ಅಗತ್ಯವಿಲ್ಲ. "ಚಿಕ್ಕಂದಿನಲ್ಲಿ ನೀವು ಯಾರ ಅಭಿಮಾನಿಯಾಗಿದ್ದಿರಿ?" ಎಂದು ಒಮ್ಮೆ ಕೇಳಿ, ಆಮೇಲೆ ಅವರು ಹೇಳುವುದನ್ನು ಸಮಾಧಾನದಿಂದ ಕೇಳಿಸಿಕೊಳ್ಳಿ.

ಬರುವ ಉತ್ತರದಿಂದ ಎದುರಿಗಿರುವವರ ವಯಸ್ಸನ್ನು ಹೆಚ್ಚುಕಡಿಮೆ ಊಹಿಸಬಹುದು. ಐವತ್ತೈದರ ಆಸುಪಾಸಿನವರು, 1979ರಲ್ಲಿ ಈ ಊರಿನ ಪೈರೇಟ್ಸ್ ತಂಡಕ್ಕೆ ವರ್ಲ್ಡ್ ಸೀರೀಸ್ (ಮೇಜರ್ ಲೀಗ್ ಬೇಸ್‌ಬಾಲ್‌ನ ವರ್ಷದ ಅಂತಿಮ ಸರಣಿ) ಗೆದ್ದುಕೊಟ್ಟ ವಿಲ್ಲಿ ಸ್ಟಾರ್ಜೆಲ್ ಅವರ ಹೆಸರು ಹೇಳುತ್ತಾರೆ. ಈಗಿನ ಪಿಎನ್‌ಸಿ ಪಾರ್ಕ್ ಮೈದಾನದಲ್ಲಿ ಮೊದಲ ಲೀಗ್ ಪಂದ್ಯ ನಡೆದ 2001ರ ಏಪ್ರಿಲ್ 9ರ ಬೆಳಿಗ್ಗೆಯೇ ಅವರು ತೀರಿಕೊಂಡರೆಂಬುದನ್ನೂ ತಪ್ಪದೆ ಸೇರಿಸುತ್ತಾರೆ. ನಲವತ್ತು ದಾಟಿದವರ ಬಾಲ್ಯದ ನಾಯಕ ಬ್ಯಾರಿ ಬಾಂಡ್ಸ್ ಆಗಿದ್ದರೂ ಆ ಹೆಸರು ಹೇಳುವಾಗ ಅನೇಕರ ಮುಖ ಗಂಟಿಕ್ಕುತ್ತದೆ. 1992ರ ಋತು ಮುಗಿದ ಮೇಲೆ ಅವರು ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟುಹೋದರು, ಇತ್ತ ಪೈರೇಟ್ಸ್ 1993ರಿಂದ 2012ರವರೆಗೆ ಸತತ 20 ಋತುಗಳಲ್ಲಿ ಗೆಲುವಿಗಿಂತ ಸೋಲನ್ನೇ ಹೆಚ್ಚು ಕಂಡಿತು. ಕಿರಿಯರಿಗೆ ಆಂಡ್ರ್ಯೂ ಮೆಕಚನ್ ಇದ್ದಾರೆ.

ಅರವತ್ತೈದರ ಆಚೆಯವರದು ಮಾತ್ರ ಒಂದೇ ಹೆಸರು, ರಾಬರ್ಟೊ ಕ್ಲೆಮೆಂಟೆ. ಪೋರ್ಟೊ ರಿಕೊ ದ್ವೀಪದ ಕರೊಲಿನಾದಲ್ಲಿ ಹುಟ್ಟಿದ ಅವರು 1955ರಿಂದ 1972ರವರೆಗೆ, ಅಂದರೆ ತಮ್ಮ ಮೇಜರ್ ಲೀಗ್ ಜೀವನದುದ್ದಕ್ಕೂ, ಈ ಒಂದೇ ಊರಿಗೆ ಆಡಿದರು. ಅವರ ಬಗ್ಗೆ ನಿಮಗೆ ಸ್ವಲ್ಪ ವಿವರವಾಗಿಯೇ ಹೇಳಬೇಕೆನಿಸುತ್ತದೆ, ಏಕೆಂದರೆ ಅವರೂ ಬೇರೆ ಭಾಷೆಯ ನಾಲಿಗೆ ಹೊತ್ತು ಇಲ್ಲಿಗೆ ಬಂದವರು. ಪತ್ರಿಕೆಗಳು ಅವರ ಇಂಗ್ಲಿಷ್ ಉಚ್ಚಾರಣೆಯನ್ನು ಹಾಗೆಹಾಗೆಯೇ ಅಚ್ಚುಹಾಕಿ ನಗೆಪಾಟಲು ಮಾಡಿದವು. ಬೇಸ್‌ಬಾಲ್ ಕಾರ್ಡುಗಳಲ್ಲಿ ಅವರು ಒಪ್ಪದ 'ಬಾಬ್' ಎಂಬ ಹೆಸರು ವರ್ಷಗಟ್ಟಲೆ ಅಚ್ಚಾಯಿತು. ಅಂತಹ ಕ್ಲೆಮೆಂಟೆ 1971ರ ವರ್ಲ್ಡ್ ಸೀರೀಸ್‌ನ ಏಳೂ ಪಂದ್ಯಗಳಲ್ಲಿ ಹಿಟ್ (ಚೆಂಡನ್ನು ಹೊಡೆದು ಬೇಸ್ ತಲುಪುವುದು) ಗಳಿಸಿ, ಬಾಲ್ಟಿಮೋರ್ ತಂಡವನ್ನು ಕೊನೆಯ ಪಂದ್ಯದಲ್ಲಿ 2-1ರಿಂದ ಸೋಲಿಸಿದ ಮೇಲೆ, ದೇಶವೆಲ್ಲ ನೋಡುತ್ತಿದ್ದ ಟಿವಿ ಕ್ಯಾಮೆರಾದ ಮುಂದೆ ಮೊದಲು ಸ್ಪ್ಯಾನಿಷ್‌ನಲ್ಲಿ ಮಾತಾಡಿ, ಊರಿನಲ್ಲಿದ್ದ ತಂದೆತಾಯಿಯರ ಆಶೀರ್ವಾದ ಬೇಡಿದರು. ನನ್ನ ಬೀದಿಯ ಹಿರಿಯರೊಬ್ಬರು ಅವರ ಬ್ಯಾಟಿಂಗಿನ ಅಂಕಿಸಂಖ್ಯೆಗಳನ್ನು ಮರೆತರೂ ಈ ಪ್ರಸಂಗವನ್ನು ಮರೆತಿಲ್ಲ.

ಮುಂದಿನ ವರ್ಷ ಸೆಪ್ಟೆಂಬರ್ 30ರಂದು ಅವರು 3000ನೆಯ ಹಿಟ್ ಹೊಡೆದರು. ಅದೇ ಡಿಸೆಂಬರ್‌ನಲ್ಲಿ ನಿಕರಾಗುವಾದ ರಾಜಧಾನಿ ಭೂಕಂಪಕ್ಕೆ ತುತ್ತಾದಾಗ, ತಾವು ಕಳುಹಿಸಿದ ಪರಿಹಾರ ಸಾಮಗ್ರಿ ಸಂತ್ರಸ್ತರ ಕೈಸೇರುತ್ತಿಲ್ಲವೆಂದು ತಿಳಿದು, 31ರ ರಾತ್ರಿ ತಾವೇ ವಿಮಾನ ಹತ್ತಿದರು. ಮಿತಿಮೀರಿ ಹೇರಿದ್ದ ಆ ವಿಮಾನ ಹೊರಟ ಸ್ವಲ್ಪ ಹೊತ್ತಿಗೇ ಸಮುದ್ರಕ್ಕೆ ಬಿದ್ದಿತು. ಅವರ ದೇಹ ಸಿಗಲಿಲ್ಲ. ಆಗ ಅವರಿಗೆ 38 ವರ್ಷ. ಹೊಸ ವರ್ಷದ ಬೆಳಿಗ್ಗೆ ಆ ಸುದ್ದಿಗೆ ಎದ್ದ ಮಕ್ಕಳೇ ಇಂದು ನಿಮ್ಮ ಊಟದ ಮೇಜಿನ ಹಿರಿಯರು. ಪಿಎನ್‌ಸಿ ಪಾರ್ಕ್‌ನ ಬಲಬದಿಯ ಗೋಡೆ 21 ಅಡಿ ಎತ್ತರವಿರುವುದು ಅವರ ಅಂಗಿಯ ಸಂಖ್ಯೆಯ ಗೌರವಕ್ಕೆ. ಪಂದ್ಯದ ದಿನ ವಾಹನಗಳನ್ನು ತಡೆದು ಜನರಿಗೆ ನಡೆಯಲು ಬಿಡುವ ಸೇತುವೆಗೂ ಅವರದೇ ಹೆಸರು.

ಅಷ್ಟೆಲ್ಲ ಕೇಳಿದ ಮೇಲೆ ಅವರು ನಿಮ್ಮ ಬಾಲ್ಯದ ನಾಯಕ ಯಾರೆಂದು ಕೇಳಿಯೇ ಕೇಳುತ್ತಾರೆ. ಆಗ ಕ್ರಿಕೆಟ್ ಮತ್ತು ಬೇಸ್‌ಬಾಲ್ ನಡುವಿನ ವ್ಯತ್ಯಾಸವನ್ನು ವಿವರಿಸಲು ದಯವಿಟ್ಟು ತೊಡಗಬೇಡಿ. ನಮ್ಮವರಲ್ಲಿ ಅನೇಕರು ಈ ಕೆಲಸಕ್ಕೆ ಕೈಹಾಕಿ ಎದುರಿನವರಿಗೆ ಆಕಳಿಕೆ ತರಿಸಿದ್ದಾರೆ. ನನ್ನ ಪೀಳಿಗೆಯವರಿಗೆ, ಹದಿನೈದು ವರ್ಷ ಸತತವಾಗಿ ರಣಜಿ ಟ್ರೋಫಿ ಗೆದ್ದಿದ್ದ ಮುಂಬಯಿಯನ್ನು 1974ರ ಸೆಮಿಫೈನಲ್‌ನಲ್ಲಿ ಬೆಂಗಳೂರಿನಲ್ಲಿ ತಡೆದು ನಿಲ್ಲಿಸಿದಾಗ 162 ರನ್ ಹೊಡೆದ ಜಿ.ಆರ್. ವಿಶ್ವನಾಥ್ ಇದ್ದರು, ಆದರೆ ಅವರ ಸ್ಕ್ವೇರ್ ಕಟ್‌ನ ಸೊಗಸನ್ನು ಇಲ್ಲಿ ಯಾರಿಗೂ ತಿಳಿಸಿಹೇಳಲು ನನ್ನಿಂದಾಗಿಲ್ಲ. ನೀವು ಕುಂಬ್ಳೆಯವರ ಕಾಲದಲ್ಲಿ ಬೆಳೆದವನೆಂದು ಬರೆದಿರುವುದು ಒಳ್ಳೆಯದೇ ಆಯಿತು. 2002ರಲ್ಲಿ ಆಂಟಿಗಾದಲ್ಲಿ ದವಡೆ ಮುರಿದಿದ್ದರೂ ಮುಖಕ್ಕೆ ಪಟ್ಟಿ ಸುತ್ತಿಕೊಂಡು ಬಂದು ಸತತ 14 ಓವರ್ ಎಸೆದು ಬ್ರಯಾನ್ ಲಾರಾರನ್ನು ಔಟ್ ಮಾಡಿದ್ದನ್ನು ಹೇಳಿ. ಅದು ಅರ್ಥವಾಗಲು ಎಲ್‌ಬಿಡಬ್ಲ್ಯು ಗೊತ್ತಿರಬೇಕಾಗಿಲ್ಲ.

ಇನ್ನೊಂದು ವಿಷಯ. 1960ರ ಅಕ್ಟೋಬರ್ 13ರಂದು ಪೈರೇಟ್ಸ್‌ನ ಬಿಲ್ ಮಜೆರೊಸ್ಕಿ ವರ್ಲ್ಡ್ ಸೀರೀಸ್‌ನ ಕೊನೆಯ ಪಂದ್ಯದ ಕೊನೆಯ ಇನಿಂಗ್ಸ್‌ನಲ್ಲಿ ಹೋಮ್ ರನ್ ಹೊಡೆದು ನ್ಯೂಯಾರ್ಕ್ ಯಾಂಕೀಸ್ ತಂಡವನ್ನು 10-9ರಿಂದ ಸೋಲಿಸಿದ ಫೋರ್ಬ್ಸ್ ಫೀಲ್ಡ್ ಮೈದಾನ ಈಗಿಲ್ಲವಾದರೂ ಅದರ ಗೋಡೆಯ ಒಂದು ತುಂಡು ಓಕ್‌ಲ್ಯಾಂಡ್‌ನಲ್ಲಿ, ವಿಶ್ವವಿದ್ಯಾಲಯದ ಕಟ್ಟಡಗಳ ನಡುವೆ ಉಳಿದಿದೆ. ಪ್ರತಿವರ್ಷ ಅದೇ ದಿನ ಅಭಿಮಾನಿಗಳು ಅಲ್ಲಿ ಸೇರಿ, ಆ ಪಂದ್ಯದ ಹಳೆಯ ರೇಡಿಯೊ ವೀಕ್ಷಕ ವಿವರಣೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳುತ್ತಾರೆ. ಆ ಹೋಮ್ ರನ್ ಬಂದ 3 ಗಂಟೆ 36 ನಿಮಿಷಕ್ಕೆ ಸರಿಯಾಗಿ, ಫಲಿತಾಂಶ ಗೊತ್ತಿದ್ದೂ, ಕೇಕೆ ಹಾಕುತ್ತಾರೆ. ಈ ಸಲ ಮಧ್ಯಾಹ್ನ ರಜೆ ಹಾಕಿ ಹೋಗಿ ಬನ್ನಿ. ಬಿಸಿಲಿದ್ದರೂ ಗಾಳಿ ಕೊರೆಯುತ್ತದೆ, ಜಾಕೆಟ್ ಇರಲಿ. ಕೂರಲು ಮಡಚುವ ಕುರ್ಚಿಯೊಂದನ್ನು ಒಯ್ದರೆ ಪಕ್ಕದವರೇ ಮಾತಿಗೆ ಎಳೆಯುತ್ತಾರೆ.