ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ: ದೂರ ಎಷ್ಟು, ಹೊತ್ತು ಎಷ್ಟು?

ಕೆಲಸಕ್ಕಾಗಿ ಸ್ಯಾನ್ ಫ್ರಾನ್ಸಿಸ್ಕೋ ಸಮೀಪದ ಸ್ಯಾನ್ ಹೊಸೆಗೆ ಬರಲಿರುವ ನೀವು, ಮೈಸೂರಿನಲ್ಲಿರುವ ತಂದೆಯವರಿಗೆ ಹುಷಾರು ತಪ್ಪಿದರೆ ಎಷ್ಟು ಹೊತ್ತಿನಲ್ಲಿ ಮನೆ ಮುಟ್ಟಬಹುದು ಎಂದು ಕೇಳಿದ್ದೀರಿ. ಹತ್ತೊಂಬತ್ತು ವರ್ಷಗಳಿಂದ ಇಲ್ಲಿರುವ ನನಗೆ ಈ ಪ್ರಶ್ನೆಯ ಭಾರ ಗೊತ್ತಿರುವುದರಿಂದ, ವಿಮಾನದ ಲೆಕ್ಕವನ್ನಷ್ಟೇ ಅಲ್ಲದೆ ಮನೆಬಾಗಿಲಿನಿಂದ ಮನೆಬಾಗಿಲಿನ ಲೆಕ್ಕವನ್ನೂ ಹೇಳುತ್ತೇನೆ.

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ನೇರ ದೂರ ಸುಮಾರು 14,000 ಕಿಲೋಮೀಟರ್. ಎರಡೂ ಊರುಗಳು ಭೂಮಿಯ ಹೆಚ್ಚುಕಡಿಮೆ ಎದುರುಬದುರು ರೇಖಾಂಶಗಳಲ್ಲಿ ಇರುವುದರಿಂದ ಅತಿ ಹತ್ತಿರದ ದಾರಿಯು ಉತ್ತರ ಧ್ರುವದ ಸಮೀಪ ಹಾದುಹೋಗುತ್ತದೆ. ಗೋಡೆಯ ನಕ್ಷೆಯಲ್ಲಿ ನೋಡಿದರೆ ಇದು ನಂಬುವಂತಿಲ್ಲ, ಗೋಳದ ಮೇಲೆ ದಾರ ಹಿಡಿದು ನೋಡಿದರೆ ತಕ್ಷಣ ತಿಳಿಯುತ್ತದೆ. 2021ರ ಜನವರಿ 9ರಂದು ಇಲ್ಲಿಂದ ಹೊರಟ ಏರ್ ಇಂಡಿಯಾದ ಮೊದಲ ತಡೆರಹಿತ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ಧ್ರುವದ ಮೇಲಿಂದ ಹಾರಿಸಿ, ಸುಮಾರು ಹದಿನೇಳು ಗಂಟೆಗಳಲ್ಲಿ ಬೆಂಗಳೂರಿನಲ್ಲಿ ಇಳಿಸಿದ್ದರು. ಆದರೆ ತುರ್ತಿನ ದಿನ ನೇರ ವಿಮಾನವೇ ಸಿಗುತ್ತದೆಂದು ನೆಚ್ಚಿಕೊಳ್ಳಬೇಡಿ.

ದುಬೈ ಮೂಲಕ ಹೋದರೆ ಮೊದಲ ಹಾರಾಟವೇ ಸುಮಾರು 13,000 ಕಿಲೋಮೀಟರ್, ಹದಿನೈದು ಗಂಟೆಗೂ ಮೇಲೆ. ಅಲ್ಲಿಂದ ಬೆಂಗಳೂರಿಗೆ ನಾಲ್ಕು ಗಂಟೆಯೊಳಗೆ. ಫ್ರಾಂಕ್‌ಫರ್ಟ್ ದಾರಿಯಲ್ಲಿ ಸುಮಾರು ಹನ್ನೊಂದು ಮತ್ತು ಒಂಬತ್ತು ಗಂಟೆಗಳ ಎರಡು ಹಾರಾಟಗಳಾಗುತ್ತವೆ. ನಾಳೆ ತಂದೆತಾಯಿಯನ್ನು ಇಲ್ಲಿಗೆ ಕರೆಸಿಕೊಳ್ಳುವಾಗ ಇದು ನೆನಪಿರಲಿ: ಕಾಲು ಊದಿಕೊಳ್ಳುವ ವಯಸ್ಸಿನವರಿಗೆ ನಡುವೆ ಎದ್ದು ಓಡಾಡುವ ಅವಕಾಶ ದೊಡ್ಡದು.

ನನ್ನ ತಾಯಿ ಆಸ್ಪತ್ರೆ ಸೇರಿದ ಸುದ್ದಿ ಬಂದದ್ದು ಒಂದು ಬೇಸಿಗೆಯ ಮಂಗಳವಾರ, ಇಲ್ಲಿಯ ರಾತ್ರಿ ಹತ್ತಕ್ಕೆ. ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಮನೆ ಬಿಟ್ಟು, ನಾಲ್ಕರ ವಿಮಾನ ಹಿಡಿದು, ದುಬೈಯಲ್ಲಿ ಮೂರು ಗಂಟೆ ಕಾದು, ಶುಕ್ರವಾರ ನಸುಕಿನ ಮೂರಕ್ಕೆ ದೇವನಹಳ್ಳಿಯಲ್ಲಿ ಇಳಿದೆ. ಪೆಟ್ಟಿಗೆಗಾಗಿ ಕಾಯಬಾರದೆಂದು ಕೈಚೀಲವೊಂದನ್ನೇ ತಂದಿದ್ದೆ. ಫ್ಲೈಬಸ್ಸಿನಲ್ಲಿ ಕುಳಿತು ಮೈಸೂರು ತಲುಪಿ ಅವರ ಕೈ ಹಿಡಿದಾಗ ಬೆಳಿಗ್ಗೆ ಎಂಟು ದಾಟಿತ್ತು. ಟಿಕೆಟ್ಟಿನಲ್ಲಿ ಇಪ್ಪತ್ತೆರಡೂವರೆ ಗಂಟೆ ಎಂದಿದ್ದ ಪ್ರಯಾಣ ಮನೆಯಿಂದ ಮನೆಗೆ ಮೂವತ್ತೊಂದೂವರೆ ಗಂಟೆ. ಸುದ್ದಿ ತಿಳಿದ ಕ್ಷಣದಿಂದ ಎಣಿಸಿದರೆ ನಲವತ್ತೈದು ದಾಟಿತ್ತು. ನೀವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಸಂಖ್ಯೆ ಈ ಕೊನೆಯದು.

ದಿನಗಳ ಲೆಕ್ಕವೂ ತಪ್ಪಿಸುತ್ತದೆ. ನೇರ ವಿಮಾನವಿದ್ದಾಗ ಬೆಂಗಳೂರಿನಿಂದ ಮಧ್ಯಾಹ್ನ ಹೊರಟವರು ಅದೇ ತಾರೀಖಿನ ಸಂಜೆ ಇಲ್ಲಿರುತ್ತಿದ್ದರು. ಇಲ್ಲಿಂದ ಶುಕ್ರವಾರ ರಾತ್ರಿ ಹೊರಟವರು ಅಲ್ಲಿ ಇಳಿಯುವುದು ಭಾನುವಾರ, ಆದ್ದರಿಂದ ಶನಿವಾರ ಗೌರಿ ಹಬ್ಬವಿದ್ದರೆ ಗುರುವಾರವೇ ಹೊರಡಬೇಕು. ಎರಡು ಊರುಗಳ ಗಡಿಯಾರಕ್ಕೆ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಅಂತರ. ತಂದೆಯವರ ಡಾಕ್ಟರು ಬೆಳಿಗ್ಗೆ ಹತ್ತೂವರೆಗೆ ಸಿಗುವವರಾದರೆ ನಿಮಗದು ಹಿಂದಿನ ರಾತ್ರಿ ಹತ್ತು. ನವೆಂಬರ್ ಮೊದಲ ಭಾನುವಾರದ ನಂತರ ಒಂಬತ್ತು.