ಸಣ್ಣ ಕಟ್ಟೆಗೆ ಬರುವ ಕಾಡುಬಾತುಗಳಿಗೆ ಏನು ಹಾಕಬೇಕು, ಎಷ್ಟು ಹಾಕಬೇಕು?

ನೀವು ಕೇಳಿರುವುದು ಇದು: ತೋಟದ ಪಕ್ಕ ಅರ್ಧ ಎಕರೆಯ ಕಟ್ಟೆ ಇದೆ, ಇಪ್ಪತ್ತರಷ್ಟು ಕಾಡುಬಾತುಗಳು ಇರುತ್ತವೆ, ಚಳಿಗಾಲದಲ್ಲಿ ತಲೆಯ ಹಿಂದೆ ಕಪ್ಪು ಪಟ್ಟೆಯಿರುವ ಹೆಬ್ಬಾತುಗಳೂ ಒಮ್ಮೊಮ್ಮೆ ಇಳಿಯುತ್ತವೆ. ಮಕ್ಕಳು ದಿನಾ ಮಂಡಕ್ಕಿ, ಬ್ರೆಡ್ಡು ಎಸೆಯುತ್ತಿದ್ದಾರೆ. ಇದು ಸರಿಯೇ? ಸರಿಯಲ್ಲದಿದ್ದರೆ ಏನು ಹಾಕಬೇಕು?

ಚಿಕ್ಕ ಉತ್ತರ ಮೊದಲು ಹೇಳಿಬಿಡುತ್ತೇನೆ. ಮಂಡಕ್ಕಿ, ಬ್ರೆಡ್ಡು ಇವತ್ತೇ ನಿಲ್ಲಿಸಿ. ಬಾತುಗಳಿಗೆ ನೆನೆಸಿದ ಭತ್ತ ಸಾಕು, ಅದೂ ವಾರಕ್ಕೆ ಎರಡು ಸಲ, ಹಕ್ಕಿಯೊಂದಕ್ಕೆ ಒಂದು ಹಿಡಿಯೂ ಬೇಡ. ಹೆಬ್ಬಾತಿಗೆ ಏನೂ ಹಾಕಬೇಡಿ. ಕೈಯಲ್ಲಿ ಪುರುಸೊತ್ತು, ದುಡ್ಡು ಉಳಿದಿದ್ದರೆ ಅದನ್ನು ಕಟ್ಟೆಯ ಅಂಚಿಗೆ ಹಾಕಿ, ಹಕ್ಕಿಗೆ ಬೇಕಾದ್ದು ಅಲ್ಲೇ ಬೆಳೆಯುತ್ತದೆ.

ಯಾವ ಬಾತು ಎಂದು ನೀವು ಬರೆದಿಲ್ಲ. ಕೊಕ್ಕು ಕಪ್ಪಗಿದ್ದು ತುದಿ ಹಳದಿಯಾಗಿದ್ದರೆ ಅದು ಚುಕ್ಕೆಕೊಕ್ಕಿನ ಬಾತು, ವರಟೆ ಎಂದೂ ಹೇಳುತ್ತಾರೆ. ವರ್ಷಪೂರ್ತಿ ಇಲ್ಲೇ ಇರುವ ಹಕ್ಕಿ, ತೂಕ ಒಂದು ಕೆ.ಜಿ. ಆಸುಪಾಸು. ಕಂದು ಮೈಯ, ಹಾರುವಾಗ ಸಿಳ್ಳೆ ಹಾಕುವ, ಮರದ ಮೇಲೂ ಕೂರುವ ಸಣ್ಣ ಬಾತಾದರೆ ಸಿಳ್ಳೆಬಾತು, ಅರ್ಧ ಕೆ.ಜಿ. ತೂಗುತ್ತದೆ. ಈ ಸಿಳ್ಳೆಬಾತು ಹೆಚ್ಚಾಗಿ ರಾತ್ರಿ ಮೇಯುವಂಥದು, ಹಗಲೆಲ್ಲ ತೂಕಡಿಸುತ್ತದೆ. ಬೆಳಿಗ್ಗೆ ಹತ್ತು ಗಂಟೆಗೆ ಕಾಳು ಎಸೆದು "ತಿನ್ನಲೇ ಇಲ್ಲ, ಏನೋ ರೋಗ" ಎಂದು ಗಾಬರಿ ಬೀಳುವವರಿದ್ದಾರೆ. ರೋಗವೇನೂ ಇಲ್ಲ, ಅದಕ್ಕದು ನಿದ್ದೆಯ ಹೊತ್ತು.

ಮಂಡಕ್ಕಿ ಯಾಕೆ ಬೇಡ? ಅದು ಹೊಟ್ಟೆ ತುಂಬಿಸುತ್ತದೆ, ಮೈಗೆ ಹತ್ತುವುದು ಪಿಷ್ಟ ಮಾತ್ರ. ಅಂಗಡಿಯ ಮಂಡಕ್ಕಿಯಲ್ಲಿ ಉಪ್ಪೂ ಇರುತ್ತದೆ. ಬೆಳೆಯುವ ಮರಿಗಳಿಗೆ ಇಂಥ ಸಪ್ಪೆ ಪಿಷ್ಟವೇ ದಿನವೂ ಸಿಕ್ಕರೆ ಜೀವಸತ್ವ ಸಾಲದೆ ಮೂಳೆ, ಗರಿ ಎರಡೂ ಕೆಡುತ್ತವೆ. ರೆಕ್ಕೆಯ ಕೊನೆಯ ಗೆಣ್ಣು ಹೊರಕ್ಕೆ ತಿರುಚಿಕೊಂಡು ಗರಿಗಳು ಪಕ್ಕಕ್ಕೆ ಚಾಚಿ ನಿಲ್ಲುವ ತೊಂದರೆಯೊಂದಿದೆ, ಹಾಗಾದ ಹಕ್ಕಿ ದೊಡ್ಡದಾದ ಮೇಲೆ ಹಾರುವುದೇ ಇಲ್ಲ. ಪಾಲಿಶ್ ಮಾಡಿದ ಅಕ್ಕಿಯನ್ನಷ್ಟೇ ಹಾಕಿದರೆ ನಯಾಸಿನ್ ಎಂಬ ಜೀವಸತ್ವದ ಕೊರತೆ ಕಾಣಿಸಿಕೊಳ್ಳುತ್ತದೆ. ಕೋಳಿಮರಿಗಿಂತ ಬಾತುಮರಿಗೆ ನಯಾಸಿನ್ ಹೆಚ್ಚು ಬೇಕು, ಸಾಲದಿದ್ದರೆ ಕಾಲು ಬಿಲ್ಲಿನಂತೆ ಬಾಗುತ್ತದೆ. ಚಪಾತಿ, ಬಿಸ್ಕತ್ತು, ಖಾರದ ಮಿಕ್ಸ್ಚರ್, ಸಾರು ಕಲಸಿದ ಅನ್ನ ಇವಕ್ಕೂ ಇದೇ ಮಾತು. ಬೆಣ್ಣೆಹಣ್ಣಂತೂ ಹಕ್ಕಿಗಳಿಗೆ ನೇರ ವಿಷ. ಅವರೆ, ರಾಜ್ಮಾ ಕಾಳುಗಳನ್ನು ಹಸಿಯಾಗಿ ಹಾಕಬೇಡಿ.

ಹಾಕಬಹುದಾದದ್ದು ಸಿಪ್ಪೆ ಸಮೇತ ಇರುವ ಭತ್ತ, ಜೋಳ, ಸಜ್ಜೆ, ಒಡೆದ ಮುಸುಕಿನ ಜೋಳ. ಭತ್ತವನ್ನು ಹಿಂದಿನ ರಾತ್ರಿ ನೆನೆಹಾಕಿ, ಬೆಳಿಗ್ಗೆ ಮೇಲೆ ತೇಲುವ ಜೊಳ್ಳನ್ನು ಬಸಿದುಬಿಡಿ. ನೆನೆದದ್ದು ಮುಳುಗುತ್ತದೆ, ಒಣ ಜೊಳ್ಳು ತೇಲಿಕೊಂಡು ಹೋಗಿ ಮೂಲೆಯಲ್ಲಿ ಕೊಳೆಯುತ್ತದೆ. ಇಪ್ಪತ್ತನಾಲ್ಕು ಗಂಟೆ ದಾಟಿ ಹುಳಿವಾಸನೆ ಬಂದದ್ದನ್ನು ಗೊಬ್ಬರದ ಗುಂಡಿಗೆ ಹಾಕಿ, ಕಟ್ಟೆಗಲ್ಲ. ನೆನೆಸಿದ ಹೆಸರುಕಾಳು ಹತ್ತರಲ್ಲಿ ಒಂದು ಪಾಲು ಬೆರೆಸಿದರೆ ಪ್ರೋಟೀನ್ ಸೇರುತ್ತದೆ. ಹಿಟ್ಟು, ತೌಡು, ಕೋಳಿ ಆಹಾರದ ಪುಡಿ ಬೇಡ. ಪುಡಿ ಕೊಕ್ಕಿಗೆ ಅಂಟುತ್ತದೆ, ಉಳಿದದ್ದು ನೀರಿನಲ್ಲಿ ಕರಗಿ ಹೋಗುತ್ತದೆ. ದಡದಲ್ಲಿ ಒಂದು ಪುಟ್ಟಿ ದಪ್ಪ ಮರಳು ಸುರಿದಿಡಿ. ಬಾತಿಗೆ ಹಲ್ಲಿಲ್ಲ, ನುಂಗಿದ ಸಣ್ಣ ಹರಳುಗಳ ಬಲದಿಂದಲೇ ಅದರ ಹೊಟ್ಟೆಯಲ್ಲಿ ಕಾಳು ಅರೆಯುವುದು. ತಳಕ್ಕೆ ಪ್ಲಾಸ್ಟಿಕ್ ಹಾಸಿದ ಹೊಂಡಗಳಲ್ಲಿ ಇಂಥ ಹರಳು ಸಿಗುವುದೇ ಕಷ್ಟ.

ಈಗ ಲೆಕ್ಕ. ತಲೆಗೆ 25 ಗ್ರಾಂ ಹಿಡಿದರೆ ಇಪ್ಪತ್ತು ಬಾತಿಗೆ ಅರ್ಧ ಕೆ.ಜಿ. ಆಯಿತು. ಇಷ್ಟೇ ತಾನೆ, ದಿನಾ ಹಾಕಿದರೇನು ಅನಿಸುತ್ತದೆ. ದಿನಾ ಹಾಕಿದರೆ ಐದು ತಿಂಗಳಲ್ಲಿ 75 ಕೆ.ಜಿ. ಭತ್ತ. ಕೆ.ಜಿ.ಗೆ ಸುಮಾರು 3 ಗ್ರಾಂನಂತೆ ಅದರಲ್ಲಿ 225 ಗ್ರಾಂ ರಂಜಕ (ಫಾಸ್ಫರಸ್) ಇರುತ್ತದೆ. ಹಕ್ಕಿ ತಿಂದರೂ ಅದರ ಬಹುಪಾಲು ಹಿಕ್ಕೆಯಾಗಿ ನೀರಿಗೇ ಬೀಳುತ್ತದೆ. ಅರ್ಧ ಎಕರೆ ಕಟ್ಟೆ, ಸರಾಸರಿ ಒಂದು ಮೀಟರ್ ಆಳ ಅಂದರೆ 20 ಲಕ್ಷ ಲೀಟರ್ ನೀರು. ಎಲ್ಲವೂ ಅಲ್ಲೇ ನಿಂತರೆ ಲೀಟರಿಗೆ 0.1 ಮಿಲಿಗ್ರಾಂ ದಾಟುತ್ತದೆ. ಪಾಚಿ ಬೆಳೆದು ನೀರು ಬಟಾಣಿ ಸಾರಿನಂತೆ ಹಸಿರಾಗಲು ಅಷ್ಟು ಸಾಕು, ಹೊಲದಿಂದ ಹರಿದುಬರುವ ಗೊಬ್ಬರ ಬೇರೆ. ಹಗಲು ಆಮ್ಲಜನಕ ಕೊಡುವ ಆ ಪಾಚಿ ರಾತ್ರಿ ಅದನ್ನೇ ವಾಪಸು ಎಳೆದುಕೊಳ್ಳುತ್ತದೆ. ನಸುಕಿನಲ್ಲಿ ಕಾಟ್ಲಾ, ರೋಹು ಮೇಲೆ ಬಂದು ಬಾಯಿಬಿಡುವುದು ಇದಕ್ಕೇ. ಹಾಗಾಗಿ ವಾರಕ್ಕೆ ಎರಡು ಸಲವೆಂದೆ. ಪರೀಕ್ಷೆಗೆ ಉಪಕರಣ ಬೇಡ: ಬಿಸಿಲಿನಲ್ಲಿ ಮೊಣಕೈವರೆಗೆ ಕೈ ಮುಳುಗಿಸಿ. ಅಂಗೈ ಕಾಣದಷ್ಟು ಹಸಿರಾಗಿದ್ದರೆ ನೀರು ತಿಳಿಯಾಗುವವರೆಗೂ ಒಂದು ಕಾಳೂ ಬೇಡ.

ಎಸೆಯುವ ಜಾಗವೂ ಮುಖ್ಯ. ಅರ್ಧ ಅಡಿ ನೀರಿರುವ, ತಳ ಗಟ್ಟಿಯಾಗಿರುವ ಅಂಚು ನೋಡಿ, ಹತ್ತು ಹದಿನೈದು ಅಡಿ ಅಗಲಕ್ಕೆ ಬೀಜ ಎರಚುವಂತೆ ಎರಚಿ. ಒಂದೇ ಕಡೆ ಸುರಿದರೆ ಬಲವಾದ ಎರಡು ಮೂರು ಹಕ್ಕಿಗಳು ಉಳಿದವನ್ನು ಓಡಿಸುತ್ತವೆ, ಒಂದರ ಹಿಕ್ಕೆ ಇನ್ನೊಂದರ ಬಾಯಿಗೆ ಹೋಗುತ್ತದೆ. ದಡದ ಮೇಲೆ ಹಾಕಿದರೆ ಪಾರಿವಾಳ, ಇಲಿ, ಇಲಿಯ ಹಿಂದೆ ಹಾವು, ಕೊನೆಗೆ ಬೀದಿನಾಯಿ. ಹದಿನೈದು ನಿಮಿಷದಲ್ಲಿ ಮುಗಿಯದಿದ್ದರೆ ಮುಂದಿನ ಸಲ ಅರ್ಧ ಮಾಡಿ. ಪ್ರತಿ ಸಲವೂ ಜಾಗ ಬದಲಿಸಿ.

ಇನ್ನು, ಹಕ್ಕಿಯನ್ನು ಸಾಯಿಸುವಂಥ ಮೂರು ತಪ್ಪುಗಳು.

ಒಂದು, ಬಿತ್ತನೆಬೀಜ. ಬಿತ್ತಿ ಉಳಿದ ಭತ್ತ, ಮುಸುಕಿನ ಜೋಳ ಕೆಂಪಗೋ ಗುಲಾಬಿಯಾಗಿಯೋ ಇದ್ದರೆ ಅದಕ್ಕೆ ಥೈರಮ್, ಇಮಿಡಾಕ್ಲೋಪ್ರಿಡ್‌ನಂಥ ಔಷಧಿ ಲೇಪಿಸಿರುತ್ತಾರೆ. ತೊಳೆದರೆ ಹೋಗುವಂಥದಲ್ಲ. ಹಾಗೆಯೇ ಇಲಿಗೆಂದು ಜಿಂಕ್ ಫಾಸ್ಫೈಡ್ ಕಲಸಿದ ಕಾಳನ್ನು ಬದುವಿನ ಮೇಲೆ ತೆರೆದಿಟ್ಟರೆ ಮೊದಲು ತಿನ್ನುವುದು ಇಲಿಯೇ ಎಂಬ ಭರವಸೆಯಿಲ್ಲ. ಬಿಲದೊಳಗೆ ಹಾಕಿ ಬಾಯಿ ಮುಚ್ಚಬೇಕು.

ಎರಡು, ಬೂಸ್ಟು. "ದನಕ್ಕೆ ಆಗಲ್ಲ, ಬಾತಿಗೆ ಹಾಕಿಬಿಡು" ಎಂದು ಮುಗ್ಗಿದ ಜೋಳ, ಶೇಂಗಾ ಹಿಂಡಿ ತಂದು ಸುರಿಯುವುದು ಮಾಮೂಲಿ. ಆ ಬೂಸ್ಟಿನ ವಿಷವಾದ ಅಫ್ಲಟಾಕ್ಸಿನ್‌ಗೆ ಬಾತುಮರಿಯಷ್ಟು ಬೇಗ ಬಲಿಯಾಗುವ ಸಾಕುಹಕ್ಕಿ ಇನ್ನೊಂದಿಲ್ಲವೆನ್ನಬೇಕು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿಕೋಳಿಗಳು, ಜೊತೆಗೆ ಬಾತುಮರಿಗಳು ಸತ್ತಾಗಲೇ ಈ ವಿಷ ಪತ್ತೆಯಾದದ್ದು. ಮೂಲ ಬೂಸ್ಟು ಹಿಡಿದ ಶೇಂಗಾ ಹಿಂಡಿ.

ಮೂರು, ಕೊಳೆ. ಬೇಸಿಗೆಯಲ್ಲಿ ಕಟ್ಟೆ ಬತ್ತಿ ಕೆಸರಾಗುತ್ತದೆ, ಹಕ್ಕಿಗಳು ಒತ್ತೊತ್ತಾಗಿ ಕೂರುತ್ತವೆ, ನೋಡುವವರಿಗೆ ಅಯ್ಯೋ ಅನಿಸಿ ಕಾಳು ಜಾಸ್ತಿ ಬೀಳುತ್ತದೆ. ಕನಿಕರ ಹೆಚ್ಚುವುದಕ್ಕೂ ಅಪಾಯ ಹೆಚ್ಚುವುದಕ್ಕೂ ಒಂದೇ ತಿಂಗಳು. ಗಾಳಿಯಾಡದ ಬಿಸಿ ಕೆಸರಿನಲ್ಲಿ, ಕೊಳೆತ ಸಾವಯವ ವಸ್ತುವಿನಲ್ಲಿ ಬಾಟುಲಿಸಂ ಬ್ಯಾಕ್ಟೀರಿಯಾ ವಿಷ ಉಂಟುಮಾಡುತ್ತದೆ. ಸತ್ತ ಹಕ್ಕಿಯ ಮೇಲೆ ಹುಳು ಬೀಳುತ್ತದೆ, ವಿಷ ತುಂಬಿದ ಆ ಹುಳುವನ್ನು ತಿಂದು ಇನ್ನೊಂದು ಹಕ್ಕಿ ಸಾಯುತ್ತದೆ. 2019ರ ನವೆಂಬರಿನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಸಾವಿರಾರು ವಲಸೆಹಕ್ಕಿಗಳು ಸತ್ತದ್ದು ಇದರಿಂದಲೇ. ಲಕ್ಷಣ ಗುರುತಿಸುವುದು ಸುಲಭ: ಮೊದಲು ಹಾರಲಾಗದು, ಆಮೇಲೆ ಕಾಲು ಎಳೆಯುತ್ತದೆ, ಕೊನೆಗೆ ಕುತ್ತಿಗೆ ಎತ್ತಲಾಗದೆ ತಲೆ ನೀರಿಗೆ ಬಿದ್ದು ಮುಳುಗುತ್ತದೆ. ಆದ್ದರಿಂದ ನೀರು ಇಳಿದಷ್ಟೂ ಕಾಳು ಇಳಿಸಿ, ಕೆಸರು ನಾರತೊಡಗಿದ ದಿನ ಪೂರ್ತಿ ನಿಲ್ಲಿಸಿ. ಒಂದೆರಡು ದಿನದಲ್ಲಿ ಎರಡು ಮೂರು ಹಕ್ಕಿ ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು, ಸಾಕುಕೋಳಿಗಳನ್ನು ದೂರವಿಟ್ಟು ಪಶು ಆಸ್ಪತ್ರೆಗೆ, ಅರಣ್ಯ ಇಲಾಖೆಗೆ ತಿಳಿಸಿ. ಹಕ್ಕಿಜ್ವರವೂ ಇರಬಹುದು, ಅದನ್ನು ಹೇಳಬೇಕಾದ್ದು ಪ್ರಯೋಗಾಲಯ.

ಹೆಬ್ಬಾತಿಗೆ ಬರುತ್ತೇನೆ. ಪಟ್ಟೆತಲೆ ಹೆಬ್ಬಾತು ಮಂಗೋಲಿಯಾ, ಟಿಬೆಟ್ ಕಡೆಯಲ್ಲಿ ಮರಿಮಾಡಿ ಹಿಮಾಲಯ ದಾಟಿ ಬರುವ ಹಕ್ಕಿ. ಗದಗ ಜಿಲ್ಲೆಯ ಮಾಗಡಿ ಕೆರೆ, ನಂಜನಗೂಡಿನ ಬಳಿಯ ಹದಿನಾರು ಎಂಬ ಊರಿನ ಕೆರೆ ಇದಕ್ಕೆ ಹೆಸರುವಾಸಿ. ಮಾಗಡಿ ಕೆರೆಗೆ 2024ರಲ್ಲಿ ರಾಮ್ಸಾರ್ ಎಂಬ ಅಂತರರಾಷ್ಟ್ರೀಯ ಜೌಗುಪ್ರದೇಶದ ಮಾನ್ಯತೆಯೂ ಬಂತು. ಅಲ್ಲಿ ಇವು ಹಗಲು ನೀರಿನಲ್ಲಿ ವಿರಮಿಸಿ, ಸುತ್ತಲ ಹೊಲಗಳಿಗೆ ಹೋಗಿ ಮೇಯುತ್ತವೆ. ದನದಂತೆ ಹುಲ್ಲು ಮೇಯುವ ಹಕ್ಕಿಯಿದು, ಕಟ್ಟೆ ಅದಕ್ಕೆ ಕೊಟ್ಟಿಗೆಯಿದ್ದಂತೆ. ನೀವು ಕೊಡಬಹುದಾದದ್ದು ಎರಡೇ: ದಡದಲ್ಲಿ ಎರಡು ಮೂರು ಇಂಚು ಎತ್ತರಕ್ಕೆ ಕತ್ತರಿಸಿ ಬೆಳೆಯಲು ಬಿಟ್ಟ ಹಸಿ ಹುಲ್ಲು, ನಾಯಿ ಬಾರದ ನೆಮ್ಮದಿ. ಕಾಳಿನ ಆಸೆ ಹತ್ತಿಸಿ ಮನುಷ್ಯರ ಭಯ ಬಿಡಿಸಿದರೆ, ಮಾರ್ಚಿನೊಳಗೆ ಹೊರಟು ಹೋಗುವ ಹಕ್ಕಿ ದಾರಿಯ ಮುಂದಿನ ಊರಿನಲ್ಲಿ ಉರುಳಿಗೆ ಬೀಳುತ್ತದೆ. ಇನ್ನೊಂದು ಕಾರಣ, ಗುಂಪು. 2020ರ ಕೊನೆಯಿಂದ 2021ರ ಆರಂಭದವರೆಗೆ ಹಿಮಾಚಲದ ಪಾಂಗ್ ಜಲಾಶಯದಲ್ಲಿ ಹಕ್ಕಿಜ್ವರಕ್ಕೆ ಸತ್ತ ಸಾವಿರಾರು ಹಕ್ಕಿಗಳಲ್ಲಿ ಬಹುಪಾಲು ಇದೇ ಹೆಬ್ಬಾತು. ಕಾಳಿನ ಸುತ್ತ ಇವನ್ನೂ ನಿಮ್ಮ ಸಾಕುಬಾತನ್ನೂ ಒಟ್ಟಿಗೆ ಸೇರಿಸುವುದು ಯಾರಿಗೂ ಒಳ್ಳೆಯದಲ್ಲ. ಸಾಕುಬಾತನ್ನು ಈ ಕಟ್ಟೆಗೆ ಬಿಡಲೇಬೇಡಿ, ಚುಕ್ಕೆಕೊಕ್ಕಿನ ಬಾತಿನ ಜೊತೆ ಕೂಡಿ ಬೆರಕೆ ಮರಿಗಳೂ ಹುಟ್ಟುತ್ತವೆ.

ಕಟ್ಟೆಯ ಅಂಚು ಎಂದೆನಲ್ಲ. ಚುಕ್ಕೆಕೊಕ್ಕಿನ ಬಾತು ಆಳಕ್ಕೆ ಮುಳುಗಿ ಮೇಯುವ ಜಾತಿಯಲ್ಲ, ಬಾಲ ಮೇಲೆತ್ತಿ ಕುತ್ತಿಗೆ ಎಟುಕುವಷ್ಟನ್ನು ಮಾತ್ರ ತಿನ್ನುತ್ತದೆ. ಒಂದೂವರೆ ಅಡಿಗಿಂತ ಆಳದಲ್ಲಿ ಏನಿದ್ದರೂ ಅದಕ್ಕೆ ಇಲ್ಲದಂತೆಯೇ. ಹಾಗಾಗಿ ನೀರು ಒಳಬರುವ ಕಡೆ, ಏರಿಯ ಕಡೆ ಖಂಡಿತ ಅಲ್ಲ, ಹತ್ತು ಅಡಿಗೆ ಒಂದು ಅಡಿ ಇಳಿಯುವ ಇಳಿಜಾರು ಮಾಡಿ. ಎರಡು ಗುಂಟೆಯಷ್ಟು ಮಾಡಿದರೂ ಲಾಭವಿದೆ. ಮಳೆ ಶುರುವಾಗುವಾಗ ಆ ತೇವದ ಮಣ್ಣಿನ ಮೇಲೆ ಗುಂಟೆಗೆ 100 ಗ್ರಾಂ ಊದಲು ಚೆಲ್ಲಿ. ಮೂರು ತಿಂಗಳಲ್ಲಿ ತೆನೆ ಬಲಿಯುತ್ತದೆ, ಕೊಯ್ಯದೆ ಬಿಡಿ. ಕಟ್ಟೆ ತುಂಬಿ ನೀರು ಬುಡಕ್ಕೆ ಬಂದಾಗ ಬಾತುಗಳೇ ಕೊಯ್ಲು ಮಾಡಿಕೊಳ್ಳುತ್ತವೆ. ಪಕ್ಕದಲ್ಲಿ ಯಾರದಾದರೂ ಭತ್ತದ ಗದ್ದೆಯಿದ್ದರೆ ಊದಲು ಬೇಡ, ಕಳೆಯಾಗಿ ಹಬ್ಬಿ ಜಗಳ ತರುತ್ತದೆ, ಭತ್ತವನ್ನೇ ಚೆಲ್ಲಿ. ಹೈಡ್ರಿಲಾ, ನೈದಿಲೆ, ಅಂಚಿನಲ್ಲಿ ಜೊಂಡು ಇರಲಿ. ಅಂತರಗಂಗೆ ಕಂಡ ದಿನವೇ ಕಿತ್ತು ದಡಕ್ಕೆ ಎಳೆಯಿರಿ, ಒಂದು ತಿಂಗಳು ಬಿಟ್ಟರೆ ಕಟ್ಟೆಯೇ ಕಾಣುವುದಿಲ್ಲ. ಮೀನು ಬಿಡುವಾಗ ಹುಲ್ಲುಗೆಂಡೆ ಬಿಟ್ಟರೆ ನೀರಿನ ಗಿಡವೆಲ್ಲ ಅದರ ಹೊಟ್ಟೆಗೆ. ಆಫ್ರಿಕನ್ ಕ್ಯಾಟ್‌ಫಿಶ್ ಬಿಟ್ಟರೆ ಬಾತುಮರಿಯೂ.

ನಿಮ್ಮದು ಮಣ್ಣಿನ ಕಟ್ಟೆಯಾಗಿರದೆ ಹಾಳೆ ಹಾಸಿದ ಕೃಷಿಹೊಂಡವಾಗಿದ್ದರೆ ಒಂದು ಕೆಲಸ ಕಾಳಿಗಿಂತ ಮೊದಲು ಆಗಬೇಕು. ದೊಡ್ಡ ಬಾತು ನೀರಿನಿಂದ ನೇರ ಜಿಗಿದು ಹಾರುತ್ತದೆ, ಮರಿಗೆ ಆ ಜಾರುವ ಹಾಳೆ ಹತ್ತಲಾಗದು, ಸುಸ್ತಾಗಿ ಮುಳುಗುತ್ತದೆ. ಎದುರುಬದುರು ಎರಡು ಮೂಲೆಗಳಲ್ಲಿ ಮೂರಡಿ ಅಗಲದ ತೆಂಗಿನ ನಾರಿನ ಬಲೆಯನ್ನು ಮೇಲೆ ಗೂಟಕ್ಕೆ ಕಟ್ಟಿ, ಬೇಸಿಗೆಯ ನೀರಿನ ಮಟ್ಟಕ್ಕಿಂತ ಕೆಳಗಿನವರೆಗೂ ಇಳಿಬಿಡಿ. ಕೆಳತುದಿಗೆ ಮರಳು ತುಂಬಿದ ಚೀಲ ಕಟ್ಟಿದರೆ ತೇಲುವುದಿಲ್ಲ. ಗೂಟವನ್ನು ಹಾಳೆಯ ಮೇಲೆ ಹೊಡೆಯಬೇಡಿ, ಅಂಚಿನಿಂದ ಆಚೆ ಮಣ್ಣಿಗೆ ಹೊಡೆಯಿರಿ.

ಮರಿಗಳ ವಿಷಯ ಚುಟುಕಾಗಿ: ಮೊದಲ ಕೆಲವು ವಾರ ಅವುಗಳ ಮುಖ್ಯ ಊಟ ನೀರಿನ ಹುಳುಹುಪ್ಪಟೆ, ಕಾಳಲ್ಲ. ಮರಿ ಕಂಡ ಮೇಲೆ ದಡದ ಗಿಡಗಳಿಗೆ ಕೀಟನಾಶಕ ಹೊಡೆಯಬೇಡಿ. ಒಂಟಿ ಮರಿ ಕಂಡರೆ ಎತ್ತಿ ತರಬೇಡಿ, ತಾಯಿ ಜೊಂಡಿನೊಳಗೆ ಇರುತ್ತದೆ. ಗೂಡು ನೀರಿನ ಹತ್ತಿರ ಹುಲ್ಲಿನಲ್ಲೇ ನೆಲದ ಮೇಲೆ ಇರುವುದರಿಂದ ಮಳೆಗಾಲದಿಂದ ಡಿಸೆಂಬರ್‌ವರೆಗೆ ಹತ್ತಡಿ ಪಟ್ಟಿಯೊಂದನ್ನು ಕೊಯ್ಯದೆ, ದನ ಬಿಡದೆ ಉಳಿಸಿ. ಹೆಬ್ಬಾತಿಗೆ ಕತ್ತರಿಸಿಟ್ಟ ಹುಲ್ಲು ಒಂದು ದಡ, ಗೂಡಿಗೆ ಬಿಟ್ಟ ಹುಲ್ಲು ಇನ್ನೊಂದು ದಡ. ಮೊಟ್ಟೆ ತೆಗೆಯುವುದು, ಕಾಳು ಹಾಕಿ ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆಯ ಲೆಕ್ಕಕ್ಕೇ ಬರುತ್ತದೆ. ಊರಿನಲ್ಲಿ ಯಾರಾದರೂ ನಿಮ್ಮ ಕಾಳಿನ ಜಾಗದಲ್ಲಿ ಬಲೆ ಹಾಕುವ ಸುಳಿವು ಸಿಕ್ಕರೆ ಆ ಕ್ಷಣವೇ ಕಾಳು ನಿಲ್ಲಿಸಿ.

ಈಗಾಗಲೇ ದಿನಾ ಹಾಕುವ ಅಭ್ಯಾಸವಾಗಿದೆ ಎಂದಿರಿ. ಮಂಡಕ್ಕಿ, ಬ್ರೆಡ್ಡಿಗೆ ಗಡುವು ಬೇಡ, ಇಂದೇ ಬಂದ್. ಅದರ ಬದಲು ಮೊದಲ ವಾರ ದಿನ ಬಿಟ್ಟು ದಿನ ಅರ್ಧ ಕೆ.ಜಿ. ನೆನೆಸಿದ ಭತ್ತ, ಎರಡನೇ ವಾರದಿಂದ ವಾರಕ್ಕೆ ಎರಡು ಸಲ, ಮಳೆ ಹಿಡಿದು ಕಟ್ಟೆ ತುಂಬಿದ ಮೇಲೆ ಪೂರ್ತಿ ರಜೆ. ಮಕ್ಕಳು ಬೇಜಾರು ಮಾಡಿಕೊಂಡರೆ ಎರಚುವ ಕೆಲಸ ಅವರಿಗೇ ಕೊಡಿ, ಅಳತೆಯ ಡಬ್ಬಿ ಮಾತ್ರ ನಿಮ್ಮ ಕೈಯಲ್ಲಿರಲಿ.